ಬಡವರ ನೆರವಿನ ಹಣವನ್ನು ಪ್ರಶ್ನಿಸುವ ತೆರಿಗೆದಾರರ ದಾವೆ: ಹೂಡುವ ಮುನ್ನ ನೋಡಬೇಕಾದದ್ದು

ಅಮೆರಿಕದಲ್ಲಿ ಕೌಂಟಿಯೋ (ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ ಘಟಕ) ನಗರಾಡಳಿತವೋ ಬಡವರಿಗೆ ನೀಡುತ್ತಿರುವ ಹಣ ಕಾನೂನಿಗೆ ವಿರುದ್ಧವಾಗಿದೆ ಎನಿಸಿದರೆ, ಅಲ್ಲಿನ ತೆರಿಗೆದಾರರು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಆದರೆ ಆ ನೆರವು ಅನಗತ್ಯವೆಂಬ ಅಭಿಪ್ರಾಯ ಮಾತ್ರ ಇದ್ದರೆ ದಾವೆ ಹೂಡಬಾರದು. ಅದನ್ನು ಹೇಳಬೇಕಾದ ಜಾಗ ಆಡಳಿತ ಮಂಡಳಿಯ ಸಭೆ ಮತ್ತು ಚುನಾವಣೆ.

ದಾವೆಗೆ ಸಾಮಾನ್ಯವಾಗಿ ರಾಜ್ಯದ ನ್ಯಾಯಾಲಯವೇ ಸೂಕ್ತ. ಕೇಂದ್ರ ಸರ್ಕಾರದ ವೆಚ್ಚವನ್ನು ತೆರಿಗೆದಾರನೆಂಬ ಕಾರಣಕ್ಕಷ್ಟೇ ಪ್ರಶ್ನಿಸಲಾಗದು ಎಂದು 1923ರ ಫ್ರಾಥಿಂಗ್‌ಹ್ಯಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತಾದರೂ, ನಗರಾಡಳಿತದ ಹಣದಲ್ಲಿ ಅಲ್ಲಿನ ತೆರಿಗೆದಾರನಿಗಿರುವ ಹಿತಾಸಕ್ತಿ ನೇರವಾದದ್ದೆಂದು ಅದೇ ತೀರ್ಪಿನಲ್ಲಿ ಒಪ್ಪಿಕೊಂಡಿತು. ಕ್ಯಾಲಿಫೋರ್ನಿಯಾದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 526ಎ ಕಲಂ ಇಂಥ ದಾವೆಗೆ ಆಧಾರವಾಗಿದ್ದು, ಆ ಸ್ಥಳೀಯ ಸಂಸ್ಥೆಗೆ ಸಲ್ಲುವ ತೆರಿಗೆ ಕಟ್ಟುವ ಹೊಣೆಯಿರಬೇಕು, ಇಲ್ಲವೇ ದಾವೆಗೆ ಹಿಂದಿನ ಒಂದು ವರ್ಷದೊಳಗೆ ಅದನ್ನು ಕಟ್ಟಿರಬೇಕೆಂದು ಕೇಳುತ್ತದೆ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆಯಾಗಿರುವುದರಿಂದ ಅದನ್ನು ವಕೀಲರಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಇಡೀ ಪ್ರಕರಣ ನಿಲ್ಲುವುದು ಒಂದೇ ಪ್ರಶ್ನೆಯ ಮೇಲೆ: ಈ ಹಣ ಕೊಡಲು ಸಂಸ್ಥೆಗೆ ಅಧಿಕಾರವಿದೆಯೇ? ಕ್ಯಾಲಿಫೋರ್ನಿಯಾದ ಕಲ್ಯಾಣ ಸಂಹಿತೆಯ 17000ನೇ ಕಲಂ, ಬಂಧುಗಳಿಂದಾಗಲಿ ಸ್ವಂತ ಆದಾಯದಿಂದಾಗಲಿ ರಾಜ್ಯದ ಸಂಸ್ಥೆಗಳಿಂದಾಗಲಿ ಆಸರೆಯಿಲ್ಲದ ಬಡ ನಿವಾಸಿಗಳನ್ನು ನೋಡಿಕೊಳ್ಳುವುದನ್ನು ಕೌಂಟಿಯ ಕಡ್ಡಾಯ ಕರ್ತವ್ಯವನ್ನಾಗಿ ಮಾಡಿದೆ. ಅಂಥ ಕಡೆ ನೆರವನ್ನೇ ಅಕ್ರಮವೆನ್ನುವ ದಾವೆಗೆ ನೆಲೆಯಿಲ್ಲ. ತಕರಾರು ಹುಟ್ಟುವುದು ಅಂಚಿನಲ್ಲಿ, ಅಂದರೆ ಕೊಟ್ಟದ್ದು ಬಡವರ ನೆರವೇ ಅಲ್ಲವೇ ಎಂಬುದೇ ಸ್ಪಷ್ಟವಿಲ್ಲದ ಕಡೆ. 1875ರಲ್ಲಿ ಕಾನ್ಸಾಸ್‌ನ ಸುಪ್ರೀಂ ಕೋರ್ಟ್ ಓಸಾಕಿ ಟೌನ್‌ಶಿಪ್ ಪ್ರಕರಣದಲ್ಲಿ, ಕಷ್ಟದಲ್ಲಿದ್ದ ರೈತರಿಗೆ ಬಿತ್ತನೆ ಮತ್ತು ಮೇವಿನ ಧಾನ್ಯ ಒದಗಿಸಲು ಸಾಲಪತ್ರ ಹೊರಡಿಸುವುದನ್ನು ತಡೆಯಿತು; ನಿರ್ಗತಿಕರ ಪೋಷಣೆ ಸಾರ್ವಜನಿಕ ಕಾರ್ಯವಾದರೂ ದುಡಿಯಬಲ್ಲವರ ಕಸುಬಿಗೆ ಬಂಡವಾಳ ಕೊಡುವುದು ಹಾಗಲ್ಲ ಎಂಬುದು ಅದರ ನಿಲುವು. 1890ರಲ್ಲಿ ನಾರ್ತ್ ಡಕೋಟಾದ ನ್ಯಾಯಾಲಯ ನೆಲ್ಸನ್ ಕೌಂಟಿಯ ಬೀಜ ನೆರವನ್ನು ಎತ್ತಿಹಿಡಿಯಿತು. ಬಡತನಕ್ಕೆ ಬೀಳುವ ಮೊದಲೇ ಕೈಹಿಡಿಯುವುದೂ ಬಡವರ ಪರಿಹಾರವೇ ಎಂಬ ಈ ಎರಡನೆಯ ನೋಟ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಆದ್ದರಿಂದ ಮೊದಲು ದಾಖಲೆ ಕೇಳಿ: ನೆರವನ್ನು ಮಂಜೂರು ಮಾಡಿದ ನಿರ್ಣಯ, ಸಭೆಯ ನಡಾವಳಿ, ಅರ್ಹತೆಯ ನಿಯಮಗಳು, ಹಣ ಯಾವ ನಿಧಿಯಿಂದ ಬಂತೆಂದು ತೋರಿಸುವ ಆಯವ್ಯಯದ ಪುಟ. ನಿಧಿ ಕೇಂದ್ರದ ಅನುದಾನವಾಗಿದ್ದರೆ, ಸ್ಥಳೀಯ ತೆರಿಗೆಗೆ ನಷ್ಟವೇನೆಂಬ ಪ್ರಶ್ನೆ ಎದುರಾಗಬಹುದು. ಫಲಾನುಭವಿಗಳ ಹೆಸರು ಕೇಳಬೇಡಿ. ಅವು ಬಹುಮಟ್ಟಿಗೆ ಗೋಪ್ಯ ಮಾಹಿತಿ, ನಿಮ್ಮ ವಾದಕ್ಕೆ ಬೇಕಾಗಿಯೂ ಇಲ್ಲ.

ಕೊನೆಗೆ, ನ್ಯಾಯಾಲಯದಿಂದ ಯಾವ ಆದೇಶ ಕೋರುತ್ತೀರಿ ಎಂಬುದನ್ನು ಎಚ್ಚರದಿಂದ ಬರೆಯಬೇಕು. ಟೆಕ್ಸಾಸ್‌ನ ಹ್ಯಾರಿಸ್ ಕೌಂಟಿ ಬಡ ಕುಟುಂಬಗಳಿಗೆ 18 ತಿಂಗಳ ಕಾಲ ತಿಂಗಳಿಗೆ 500 ಡಾಲರ್ ಕೊಡಲು ಹೊರಟಾಗ, ತೆರಿಗೆದಾರರಲ್ಲ, ರಾಜ್ಯವೇ ದಾವೆ ಹೂಡಿತ್ತು. 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮೇಲ್ಮನವಿ ಇತ್ಯರ್ಥವಾಗುವ ಮೊದಲೇ ಪಾವತಿಯನ್ನು ತಡೆಯಿತು. ಮಧ್ಯಂತರ ತಡೆಯಾಜ್ಞೆ ಎಂದರೆ ಬಾಡಿಗೆಗೆಂದು ಆ ಹಣವನ್ನು ನೆಚ್ಚಿಕೊಂಡ ಮನೆಗೆ ಆ ತಿಂಗಳಿಂದಲೇ ಬರಿಗೈ. ಆಕ್ಷೇಪ ನಿಯಮದ ಒಂದು ಉಪವಿಧಿಗೆ ಸೀಮಿತವಾಗಿದ್ದರೆ ಆ ಉಪವಿಧಿಯನ್ನು ಮಾತ್ರ ಅಸಿಂಧುವೆಂದು ಘೋಷಿಸುವಂತೆ ಕೋರಿ, ಉಳಿದ ನೆರವು ಮುಂದುವರಿಯಲು ಆಕ್ಷೇಪವಿಲ್ಲವೆಂದು ವಾದಪತ್ರದಲ್ಲೇ ನಮೂದಿಸಿ.