ಲಕ್ಸೆಂಬರ್ಗ್‌ಗೆ ಹೊರಡುವ ಹುಬ್ಬಳ್ಳಿ-ಧಾರವಾಡದವರಿಗೆ

ಇಡೀ ದೇಶ 2,586 ಚದರ ಕಿ.ಮೀ., ನಮ್ಮ ಧಾರವಾಡ ಜಿಲ್ಲೆಗಿಂತ ಚಿಕ್ಕದು. ಹಾಗಂತ ಫ್ರಾನ್ಸ್, ಜರ್ಮನಿ ನೋಡುವ ಗಡಿಬಿಡಿಯಲ್ಲಿ ಅರ್ಧ ದಿನ ಕೊಟ್ಟು ಬಂದುಬಿಡಬೇಡಿ.

ಷೆಂಗೆನ್ ವೀಸಾ ಬೇಕು, ಅಂದರೆ ಯುರೋಪಿನ ಹಲವು ದೇಶಗಳು ಒಪ್ಪಂದ ಮಾಡಿಕೊಂಡು ಕೊಡುವ ಒಂದೇ ವೀಸಾ. ಜೊತೆಗೆ ಕನಿಷ್ಠ 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. 1985ರಲ್ಲಿ ಆ ಒಪ್ಪಂದಕ್ಕೆ ಸಹಿ ಬಿದ್ದ ಷೆಂಗೆನ್ ಎಂಬ ಪುಟ್ಟ ಊರು ಇರುವುದೂ ಇಲ್ಲೇ, ಮೊಸೆಲ್ ನದಿ ದಂಡೆ ಮೇಲೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಅಲ್ಲಿನ ಓಡಾಟ. 2020ರಿಂದ ದೇಶದ ಒಳಗೆ ಬಸ್ಸು, ಟ್ರಾಮು, ರೈಲು ಎಲ್ಲಾ ಫ್ರೀ, ಪ್ರವಾಸಿಗರಿಗೂ. ಪಾಸ್ ಇಲ್ಲ, ಕಾರ್ಡ್ ಇಲ್ಲ, ಸುಮ್ನೆ ಹತ್ತಿ ಕೂತರಾಯ್ತು. ವಿಯಾಂಡೆನ್ ಕೋಟೆ ನೋಡಲು ರಾಜಧಾನಿಯಿಂದ ರೈಲು ಹಿಡಿದು, ಆಮೇಲೆ ಬಸ್ ಬದಲಿಸಿ ಹೋದರೂ ಪ್ರಯಾಣಕ್ಕೆ ದುಡ್ಡು ಕೊಡಬೇಕಿಲ್ಲ. ಆದರೆ ಫಸ್ಟ್ ಕ್ಲಾಸಿಗೆ, ಗಡಿ ದಾಟಿ ಜರ್ಮನಿಯ ಟ್ರಿಯರ್ ಕಡೆ ಹೋಗುವುದಕ್ಕೆ ಟಿಕೆಟ್ ತೆಗೆದುಕೊಳ್ಳಲೇಬೇಕು.

ರಾಜಧಾನಿಯಲ್ಲಿ ಬಂಡೆ ಕೊರೆದು ಮಾಡಿದ ಬಾಕ್ ಸುರಂಗಗಳನ್ನು ಬಿಡಬೇಡಿ. ಹಳೇ ಪಟ್ಟಣ, ಕೋಟೆ ಎಲ್ಲ 1994ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಏರು-ಇಳಿವು ಜಾಸ್ತಿ, ಒಳ್ಳೆ ಬೂಟು ಹಾಕಿಕೊಳ್ಳಿ.

ಬ್ಯಾಗಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಇರಲಿ. ಪೇಡೆ, ತುಪ್ಪ ಮಾತ್ರ ಮನೆಯಲ್ಲೇ ಬಿಡಿ, ಹೊರದೇಶದಿಂದ ಹಾಲಿನ ಪದಾರ್ಥ ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಸಂತೆ, ಜಾತ್ರೆಗಳಲ್ಲಿ ಆಲೂಗಡ್ಡೆ ತುರಿದು, ಈರುಳ್ಳಿ ಹಾಕಿ ಕರಿದ ಬಿಸಿ ಬಿಸಿ ತಿಂಡಿ ಸಿಗುತ್ತದೆ, ಬಾಯಲ್ಲಿ ನೀರು ಬರುತ್ತದೆ ಅಲ್ವಾ? ಸಾಮಾನ್ಯವಾಗಿ ಅದಕ್ಕೆ ಮೊಟ್ಟೆ ಹಾಕುತ್ತಾರೆ, ತಿನ್ನದವರು ಕೇಳಿ ತಗೊಳ್ಳಿ.

ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗುವುದಿಲ್ಲ, ಅಡಾಪ್ಟರ್ ಒಯ್ಯಿರಿ. ತುರ್ತಿಗೆ 112.