ಪಂಪಿನ ಕಿಟಕಿಯಲ್ಲಿ 96

ಜುಲೈ ತಿಂಗಳು. ಮಳೆ ಹನ್ನೊಂದು ದಿನದಿಂದ ಬಿಟ್ಟಿರಲಿಲ್ಲ. ನಾಪೋಕ್ಲು ಕಡೆಯ ಐವತ್ತರ ಆಸುಪಾಸಿನ ಒಬ್ಬ ಅಕ್ಕ ಉಬ್ಬಸ ಅಂತ ನನ್ನ ಕ್ಲಿನಿಕ್ಕಿಗೆ ಬಂದರು. ಆ ಮಳೆಗಾಲದಲ್ಲಿ ಅದು ಮೂರನೇ ಸಲ. ಹಿಂದಿನ ಎರಡು ಸಲವೂ ಐದು ದಿನದ ಸ್ಟಿರಾಯ್ಡ್ ಮಾತ್ರೆ ಬರೆದುಕೊಟ್ಟು ಕಳಿಸಿದ್ದೆ. ಔಷಧಿಯನ್ನು ಮಂಜಿನಂತೆ ಮಾಡಿ ಕೊಡುವ ನೆಬ್ಯುಲೈಸರ್ ಹಾಕಿ ಉಸಿರು ಹಗುರಾದ ಮೇಲೆ, ದಿನಾ ಎಳೆಯುವ ಪಂಪಿನ (ಇನ್ಹೇಲರ್) ಡೋಸ್ ಜಾಸ್ತಿ ಮಾಡೋಣ ಅಂತ ಪೆನ್ನು ತೆಗೆದೆ. ಯಾಕೋ "ಪಂಪ್ ತಂದಿದ್ದೀರಾ ಅಕ್ಕಾ?" ಎಂದು ಕೇಳಿದೆ.

ಚೀಲದಿಂದ ತೆಗೆದುಕೊಟ್ಟರು. ಹಿಂಬದಿಯ ಪುಟ್ಟ ಕಿಟಕಿಯಲ್ಲಿ 96 ಎಂದಿತ್ತು. ಇನ್ನು ಎಷ್ಟು ಸಲ ಎಳೆಯಬಹುದು ಅನ್ನುವ ಲೆಕ್ಕ ಅದು. ಈ ಪಂಪ್ ಹೊಸದಿದ್ದಾಗ 120 ಇರುತ್ತದೆ. ಬೆಳಿಗ್ಗೆ ಎರಡು, ರಾತ್ರಿ ಎರಡು ಎಳೆದರೆ ತಿಂಗಳಿಗೆ ಮುಗಿಯಬೇಕು. ಇದನ್ನು ತಗೊಂಡು ಎರಡು ತಿಂಗಳಾಗಿತ್ತು. ಅಂದರೆ ಎಳೆದಿದ್ದು ಬರೀ ಆರು ದಿನದ ಔಷಧಿ.

"ಯಾಕಕ್ಕಾ ಬಿಟ್ರಿ?"

"ಎಳೆದು ಏನಾಗ್ಬೇಕು ಡಾಕ್ಟ್ರೇ?"

ದುಡ್ಡಿಲ್ಲ ಅನ್ನಲಿಲ್ಲ. ಪಂಪ್ ಅಭ್ಯಾಸ ಆಗಿಬಿಡುತ್ತೆ ಅನ್ನುವ ಭಯವೂ ಅಲ್ಲ. ಅದಕ್ಕಾದರೆ ನನ್ನ ಹತ್ತಿರ ಉತ್ತರ ಇತ್ತು.

ಮನಸ್ಸಿನ ಬಗ್ಗೆ ಕೇಳುವ ಒಂಬತ್ತು ಪ್ರಶ್ನೆಗಳ ಪಟ್ಟಿ, ಪಿಎಚ್‌ಕ್ಯೂ-9, ಡ್ರಾಯರಿನಲ್ಲೇ ಇತ್ತು. ಉಬ್ಬಸದವರಿಗೆ ಅದನ್ನು ಓದಿ ಹೇಳಿದ್ದು ಅವತ್ತೇ ಮೊದಲು. 'ಕಳೆದ ಎರಡು ವಾರಗಳಲ್ಲಿ' ಅಂದಾಗ ಅವರಿಗೆ ಲೆಕ್ಕ ಸಿಗಲಿಲ್ಲ. 'ಎರಡು ಸಂತೆಯಿಂದ ಈಚೆಗೆ' ಅಂದೆ. ತಕ್ಷಣ ಗೊತ್ತಾಯಿತು. 27ಕ್ಕೆ 16 ಬಂತು. 10 ಆದರೇ ಗಮನ ಕೊಡಬೇಕು.

ಇಲ್ಲೊಂದು ತೊಡಕಿದೆ. ನಿದ್ದೆ ಇಲ್ಲ, ಸುಸ್ತು ಅನ್ನುವುದಕ್ಕೂ ಈ ಪಟ್ಟಿಯಲ್ಲಿ ಅಂಕ ಇದೆ. ರಾತ್ರಿಯಿಡೀ ಕೆಮ್ಮುವವರಿಗೆ ನಿದ್ದೆ ಎಲ್ಲಿಂದ ಬರಬೇಕು? ಅದಕ್ಕೇ ನಾನು ಮೊದಲ ಎರಡು ಪ್ರಶ್ನೆಗಳನ್ನು ಜಾಸ್ತಿ ನಂಬುತ್ತೇನೆ: ಯಾವುದರಲ್ಲೂ ಆಸಕ್ತಿ ಇಲ್ವಾ, ಮನಸ್ಸು ಕುಗ್ಗಿದೆಯಾ. ಒಂಬತ್ತನೆಯದು ಸಾವಿನ ಯೋಚನೆಯದು. ಮನೆಯವರನ್ನು ಹೊರಗೆ ಕೂರಿಸಿ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನುವುದು ತಪ್ಪು. "ಅಷ್ಟಕ್ಕೆಲ್ಲ ಹೋಗಿಲ್ಲ" ಅಂದರು. ಆಮೇಲೆ ತುಂಬ ಹೊತ್ತು ಅತ್ತರು.

ಏನೇನು ಬಿಟ್ಟಿರಿ ಅಂತ ಕೇಳಿದೆ. ಸೌದೆ ಒಲೆಯ ಹೊಗೆ ಅಂತ ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಮಾಡುವುದು ಬಿಟ್ಟಿದ್ದರು. ಗುಡ್ಡ ಹತ್ತಬೇಕು ಅಂತ ತವರುಮನೆ. ನಾಲ್ಕು ಜನರ ಎದುರು ಪಂಪ್ ತೆಗೆಯಲು ನಾಚಿಕೆ ಅಂತ ಮದುವೆಮನೆ. ಉಬ್ಬಸ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಜಾಸ್ತಿ ಅಂತ ಓದಿದ್ದೆ. ಅದು ಹೇಗೆ ಬರುತ್ತೆ ಅಂತ ಅವತ್ತು ತಿಳಿಯಿತು. ಮನಸ್ಸು ಕುಗ್ಗಿದರೆ ಪಂಪ್ ಬಿಡುತ್ತಾರೆ, ಬಿಟ್ಟರೆ ಉಬ್ಬಸ ಏರುತ್ತೆ, ಏರಿದರೆ ಸ್ಟಿರಾಯ್ಡ್ ಮಾತ್ರೆ. ಉಬ್ಬಸ ಜೋರಾದಾಗ ಆ ಮಾತ್ರೆ ಬೇಕೇ ಬೇಕು. ಆದರೆ ಕೆಲವರಿಗೆ ಅದು ನಿದ್ದೆಯನ್ನೂ ಮನಸ್ಸನ್ನೂ ಕೆಡಿಸುತ್ತೆ. ಎರಡು ಸಲ ಕೊಟ್ಟಾಗಲೂ ನಾನು ಆ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಇವತ್ತಿಗೂ ಅದು ನನ್ನನ್ನು ಕೊರೆಯುತ್ತೆ.

ಡೋಸ್ ಏರಿಸಲಿಲ್ಲ. ಪಂಪಿಗೆ ಸ್ಪೇಸರ್ ಅನ್ನುವ ಟೊಳ್ಳು ಕೊಳವೆ ಹಾಕಿ ಎಳೆಯುವುದನ್ನು ಎದುರಿಗೇ ಮೂರು ಸಲ ಮಾಡಿಸಿದೆ. ಎದೆ ಡವಡವ ಅನ್ನುತ್ತೆ ಅಂತ ಬೇರೆ ಕಡೆ ಕೊಟ್ಟಿದ್ದ ಪ್ರೊಪ್ರನೊಲಾಲ್ ಮಾತ್ರೆ ಚೀಲದಲ್ಲಿತ್ತು. ಒಂದನ್ನೂ ನುಂಗಿರಲಿಲ್ಲ, ಸದ್ಯ! ಅದು ಉಬ್ಬಸದವರ ಶ್ವಾಸನಾಳವನ್ನು ಬಿಗಿ ಮಾಡುತ್ತದೆ. ಅವರನ್ನು ಮಡಿಕೇರಿಗೆ, ಮನೋವೈದ್ಯರ ಹತ್ತಿರ ಕಳಿಸಿದೆ. ವೈದ್ಯರು ಖಿನ್ನತೆಗೆ ಕೊಡುವ ಸರ್ಟ್ರಲಿನ್ ಮಾತ್ರೆ ಶುರು ಮಾಡಿದರು. ಅದು ಕೆಲಸ ಮಾಡಲು ಕೆಲವು ವಾರ ಬೇಕು. ಅಲ್ಲಿಯವರೆಗೆ ರಾತ್ರಿ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅನ್ನು ಪಂಪಿನ ಡಬ್ಬಿ ಮೇಲೆ ದೊಡ್ಡದಾಗಿ ಬರೆದೆ.

ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಗ್ಯಾಸ್ ಒಲೆಯಲ್ಲೇ ಕಡಂಬುಟ್ಟು ಬೇಯಿಸಿದರಂತೆ. ಅಕ್ಟೋಬರ್‌ನಲ್ಲಿ ಬಂದಾಗ ಮನಸ್ಸಿನ ಪಟ್ಟಿಯಲ್ಲಿ 16 ಇದ್ದದ್ದು 7ಕ್ಕೆ ಇಳಿದಿತ್ತು. ಉಬ್ಬಸದ ಹತೋಟಿ ಅಳೆಯುವ ಐದು ಪ್ರಶ್ನೆಗಳಲ್ಲಿ 25ಕ್ಕೆ 18. ಅದು ಕಡಿಮೆ ಅಂದರೂ 20 ಆಗಬೇಕು. ಪಂಪನ್ನು ಕೇಳುವ ಮೊದಲೇ ಮೇಜಿನ ಮೇಲಿಟ್ಟರು. ಕಿಟಕಿಯಲ್ಲಿ 8 ಇತ್ತು. ತವರಿನ ಗುಡ್ಡ ಮಾತ್ರ ಇನ್ನೂ ಹತ್ತಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ನೋಡೋಣ ಅಂದಿದ್ದಾರೆ.