ಮೀನಿನ ಮನೆಯಲ್ಲಿ ವೀಗನ್ ವೀಡಿಯೊ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯ ಅಡುಗೆಕಟ್ಟೆ ಆರಡಿ ಉದ್ದ. ಅದರ ಎಡತುದಿಗೆ ಕಿಟಕಿ. ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಅಲ್ಲಿ ಒಳ್ಳೆಯ ಬೆಳಕು ಬೀಳುತ್ತದೆ. ಆ ಒಂದು ಗಂಟೆಯಲ್ಲಿ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಆರು ವರ್ಷದಿಂದ ಕನ್ನಡದಲ್ಲಿ ವೀಗನ್ ಅಡುಗೆಯ ವೀಡಿಯೊ ಮಾಡುತ್ತಿದ್ದೇನೆ. ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ತುಪ್ಪ, ಜೇನು ಕೂಡ ಇಲ್ಲದ ಅಡುಗೆ. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಸೇರಿ ಕಟ್ಟಿದ ಸಂಘದಿಂದ ಬಂದ ಪದ ಇದು. ಕನ್ನಡದಲ್ಲಿ ಇದಕ್ಕೆ ನೆಲೆನಿಂತ ಪದ ಇನ್ನೂ ಇಲ್ಲ.

ಅಡುಗೆ ನನಗೆ ಕಷ್ಟವಾಗಲಿಲ್ಲ. ನಾನು ಕುಂದಾಪುರ ಕಡೆಯವಳು. ನೀರುದೋಸೆ, ಪತ್ರೊಡೆ, ಗುಜ್ಜೆ (ಎಳೆ ಹಲಸು) ಗಸಿ, ಇವಕ್ಕೆಲ್ಲ ಹಾಲು ಯಾವತ್ತೂ ಬೇಕಿರಲಿಲ್ಲ. ಹಾಲುಬಾಯಿಯ ಹೆಸರಲ್ಲಿ ಹಾಲಿದ್ದರೂ ಒಳಗಿರುವುದು ಅಕ್ಕಿ, ಬೆಲ್ಲ, ಕಾಯಿಹಾಲು. ತಟ್ಟೆಗೆ ತುಪ್ಪದ ಬದಲು ತೆಂಗಿನೆಣ್ಣೆ ಸವರಿದರೆ ಮುಗಿಯಿತು. ಕಷ್ಟವಾದದ್ದು ಹಾಲುಬಾಯಿ ತಿರುವುತ್ತ ನಿಂತಾಗ ಆಡುವ ಮಾತು. ಯಾಕೆ ಹಾಲು ಬಿಟ್ಟೆ ಎಂದು ಹೇಳಬೇಕಲ್ಲ.

ಮೊದಲ ವರ್ಷ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಯಾವುದೋ ವಿದೇಶದ ಡೇರಿಯಲ್ಲಿ ಕರುವನ್ನು ತಾಯಿಯಿಂದ ಎಳೆದೊಯ್ಯುವ ತುಣುಕೊಂದನ್ನು ನನ್ನ ವೀಡಿಯೊಗೆ ಸೇರಿಸಿ, "ನಿಮ್ಮ ಬೆಳಗಿನ ಚಹಾದ ಕಥೆ ಇದು" ಎಂದೆ. ಅದುವರೆಗೆ ನನಗೆ ಅಷ್ಟು ನೋಟಗಳು ಯಾವುದಕ್ಕೂ ಸಿಕ್ಕಿರಲಿಲ್ಲ. ವಾರದೊಳಗೆ ಅಂಧೇರಿಯ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುವ, ನಮ್ಮೂರ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. "ತಂಗಿ, ಆ ದನ ನಮ್ದಲ್ಲ, ಆ ಕೊಟ್ಟಿಗೆಯೂ ನಮ್ದಲ್ಲ. ನಮ್ಮ ಚಹಾದ ಹಾಲು ಬರೋದು ಜೋಗೇಶ್ವರಿ ತಬೇಲಾದಿಂದ. ಒಮ್ಮೆ ಬಂದು ನೋಡಿ, ಆಮೇಲೆ ಹೇಳಿ" ಎಂದರು. ಬೈಯಲಿಲ್ಲ. ಅದಕ್ಕೇ ಇರಬೇಕು, ಆ ಮಾತು ತಟ್ಟಿತು.

ದಾದರಿನಲ್ಲಿ ಲೋಕಲ್ ಬದಲಿಸಿಕೊಂಡು ಹೋದೆ. ಮಧ್ಯಾಹ್ನ ಹಾಲು ಕರೆಯುವ ಹೊತ್ತು. ನಗರದ ಎಮ್ಮೆಗಳನ್ನು ಹೊರಗೆ ಸಾಗಿಸಬೇಕೆಂದು ಗೋರೆಗಾಂವಿನಲ್ಲಿ ಆರೆ ಕಾಲೊನಿ ಮಾಡಿದ್ದು 1949ರಲ್ಲಿ. ಆದರೂ ಜೋಗೇಶ್ವರಿಯಲ್ಲಿ ಎತ್ತರದ ಕಟ್ಟಡಗಳ ಸಂದಿಯಲ್ಲಿ ತಬೇಲಾಗಳು, ಅಂದರೆ ಎಮ್ಮೆ ಕೊಟ್ಟಿಗೆಗಳು, ಉಳಿದುಕೊಂಡಿವೆ. ಎರಡು ಸಾಲು ಎಮ್ಮೆ, ಸಿಮೆಂಟಿನ ನೆಲ, ಗಿಡ್ಡ ಹಗ್ಗ. ಮೇಲೆ ಹಲಗೆಯ ಅಟ್ಟ. ಉತ್ತರ ಪ್ರದೇಶದಿಂದ ಬಂದ ಕೆಲಸದವರು ಮಲಗುವುದು ಅಲ್ಲೇ. ಅವರಲ್ಲೊಬ್ಬ ಹುಡುಗ ಕರುವೊಂದನ್ನು ಬಿಚ್ಚಿ ತಂದ. ಕರು ಕೆಚ್ಚಲಿಗೆ ಬಾಯಿ ಹಾಕಿ ಗುದ್ದಿತು. ಎಮ್ಮೆ ಕತ್ತು ತಿರುಗಿಸಿ ಅದರ ಬೆನ್ನು ನೆಕ್ಕತೊಡಗಿತು. ನಾನು ಇಪ್ಪತ್ತು ಎಣಿಸಿರಲಿಲ್ಲ, ಹುಡುಗ ಕರುವನ್ನು ಎಳೆದು ಗೂಟಕ್ಕೆ ಕಟ್ಟಿ ಬಕೆಟ್ ಹಿಡಿದು ಕೂತ. ಹಾಲು ಇಳಿದಿತ್ತು. ಕರುವಿನ ಬಾಯಂಚಲ್ಲಿ ನೊರೆ ಇನ್ನೂ ಆರಿರಲಿಲ್ಲ. ನೆಕ್ಕುತ್ತಿದ್ದ ಎಮ್ಮೆ ಸ್ವಲ್ಪ ಹೊತ್ತು ನಾಲಗೆ ಚಾಚಿಕೊಂಡೇ ಇತ್ತು.

ಮೂಲೆಯಲ್ಲಿ ಪಕ್ಕೆಲುಬು ಎಣಿಸುವಂತಿದ್ದ ಇನ್ನೊಂದು ಕರು ಮಲಗಿತ್ತು, ಗಂಡು. ಅದಕ್ಕೆ ಹೊಟ್ಟೆ ತುಂಬ ಕುಡಿಸಿದರೆ ನಷ್ಟ ಎಂದು ಮಾಲೀಕರೇ ನೇರವಾಗಿ ಹೇಳಿದರು. ಮೇವೆಲ್ಲ ದುಡ್ಡು ಕೊಟ್ಟು ತರಿಸಬೇಕು. ಎಮ್ಮೆಯ ಹಾಲು ಬತ್ತಿತೆಂದರೆ ಮತ್ತೆ ಗಬ್ಬವಾಗಿ ಈಯುವವರೆಗೆ ಮುಂಬೈಯಲ್ಲಿ ಸಾಕಿ ಪೂರೈಸುವುದಿಲ್ಲ, ಮಾರುತ್ತಾರೆ. ಮಹಾರಾಷ್ಟ್ರದಲ್ಲಿ ಹಸುವಿನ ಜತೆಗೆ ಎತ್ತು, ಹೋರಿಗಳ ಹತ್ಯೆಗೂ 2015ರಲ್ಲಿ ನಿಷೇಧ ಬಂತು. ಎಮ್ಮೆ ಆ ನಿಷೇಧದಲ್ಲಿ ಇಲ್ಲ. ಹಾಲಿನ ವ್ಯವಹಾರ ಮತ್ತು ಮಾಂಸದ ವ್ಯವಹಾರ ಬೇರೆ ಬೇರೆ ಎಂದು ನಾನು ಅಂದುಕೊಂಡದ್ದು ಅಲ್ಲಿಗೆ ಮುಗಿಯಿತು. ಆದರೆ ಅದೇ ಹುಡುಗ ಹಾಲು ಕರೆದಾದ ಮೇಲೆ ಎಮ್ಮೆಯ ಕಣ್ಣಂಚಿನ ಪಿಸುರನ್ನು ತನ್ನ ಬೈರಾಸಿನಿಂದ ಒರೆಸುವುದನ್ನೂ ನೋಡಿದೆ. ಅವನನ್ನು ಕ್ರೂರಿ ಎಂದು ತೋರಿಸಲು ನನ್ನಿಂದ ಸಾಧ್ಯವಿರಲಿಲ್ಲ.

ಮನೆಗೆ ಬಂದು ಹಳೆಯ ವೀಡಿಯೊ ತೆಗೆದುಹಾಕಿದೆ. ಹೊಸದರಲ್ಲಿ ಕಂಡದ್ದಷ್ಟನ್ನೇ ಹೇಳಿದೆ: ಆ ಎಣಿಕೆ, ಆ ನೊರೆ, ಮಾಲೀಕರ ಲೆಕ್ಕ, ಹುಡುಗನ ಬೈರಾಸು. ಯಾರ ಮುಖವನ್ನೂ ತೋರಿಸಲಿಲ್ಲ. ನೋಡಿದವರು ಮೊದಲಿನದರ ಕಾಲುಭಾಗವೂ ಇಲ್ಲ. ಆದರೂ ಅಂದಿನಿಂದ ನನಗೆ ಇದೊಂದೇ ದಾರಿ. ಪ್ರಾಣಿಯ ಪರವಾಗಿ ಕೂಡ ಸುಳ್ಳು ಹೇಳಬಾರದು. ಒಂದು ಸುಳ್ಳು ಸಿಕ್ಕಿಬಿದ್ದರೆ ಜನ ಆ ಕರುವನ್ನೂ ನಂಬುವುದಿಲ್ಲ.

ಆರೋಗ್ಯದ ವಿಷಯದಲ್ಲಿ ಪಾಠ ನನ್ನ ಮೈಗೇ ಆಯಿತು. "ಗಿಡದಲ್ಲೇ ಎಲ್ಲ ಇದೆ" ಎಂದು ಹೇಳಿಕೊಂಡು ಬಂದಿದ್ದೆ. ಮೂರನೇ ವರ್ಷ ಪಾದ ಜುಮುಗುಟ್ಟತೊಡಗಿತು, ರಾತ್ರಿ ಜಾಸ್ತಿ. ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ. ಇದು ಬ್ಯಾಕ್ಟೀರಿಯಾ ತಯಾರಿಸುವ ಜೀವಸತ್ವ, ಗಿಡಗಳಿಂದ ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ಯಕೃತ್ತಿನಲ್ಲಿರುವ ದಾಸ್ತಾನು ಕೆಲವು ವರ್ಷ ನಡೆಸುತ್ತದೆ, ಹಾಗಾಗಿ ಮೊದಮೊದಲು ಗೊತ್ತೇ ಆಗುವುದಿಲ್ಲ. ಇಂಜೆಕ್ಷನ್ ತೆಗೆದುಕೊಂಡೆ, ಈಗ ಮಾತ್ರೆ. ಆ ಮಾತ್ರೆಯ ಪಟ್ಟಿಯನ್ನು ಕ್ಯಾಮೆರಾ ಮುಂದೆ ಹಿಡಿದು ಹೇಳಿದೆ. ವೀಗನ್ ಗೆಳೆಯರು ಕೆಲವರು ಬೇಸರಪಟ್ಟರು, "ಎದುರಾಳಿಗಳ ಕೈಗೆ ಕೋಲು ಕೊಟ್ಟೆ" ಎಂದರು. ಆದರೆ ಅದಕ್ಕೂ ಸ್ವಲ್ಪ ಮೊದಲು ಪನ್ವೇಲಿನ ಒಬ್ಬ ಎಳೆಯ ತಾಯಿ, ಎಂಟು ತಿಂಗಳ ಕೂಸಿಗೆ ಹಾಲಿನ ಬದಲು ಕಾಯಿಹಾಲು ಸಾಕೇ ಎಂದು ನನ್ನನ್ನೇ ಕೇಳಿದ್ದಳು. ಸಾಲದು, ಎದೆಹಾಲು ಇಲ್ಲದಿದ್ದರೆ ಏನು ಎಂದು ಇವತ್ತೇ ಡಾಕ್ಟರನ್ನು ಕೇಳು ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಅಡುಗೆಯವಳು. ಸಕ್ಕರೆ ಕಾಯಿಲೆ, ಮಂಡಿನೋವು ಗುಣವಾಗುತ್ತದೆ ಎಂದು ಹೇಳುವ ಅಧಿಕಾರ ನನಗಿಲ್ಲ.

ದುಡ್ಡಿನ ವಿಷಯ ಚಿಕ್ಕದು. ಓಟ್ಸ್ ಹಾಲಿನ ಕಂಪನಿಯೊಂದು "ಹಸುವಿನ ಹಾಲಿಗಿಂತ ಪೌಷ್ಟಿಕ" ಎಂದು ಹೇಳಲು ಕೇಳಿತು. ಅವರದೇ ಪೊಟ್ಟಣದ ಮೇಲೆ ನೂರು ಮಿಲಿಲೀಟರಿಗೆ ಒಂದು ಗ್ರಾಂ ಪ್ರೋಟೀನು, ಹಸುವಿನ ಹಾಲಿನಲ್ಲಿ ಮೂರರ ಮೇಲಿದೆ. ಬೇಡವೆಂದೆ. ಹಣ ಪಡೆದು ಮಾಡಿದ್ದನ್ನು ಜಾಹೀರಾತು ಎಂದು ಕಾಣುವಂತೆ ಬರೆಯಬೇಕೆಂದು ಜಾಹೀರಾತು ಮಂಡಳಿಯ ನಿಯಮ 2021ರಿಂದ ಇದೆ. ನಾನು ಬರೆಯುವುದಷ್ಟೇ ಅಲ್ಲ, ಬಾಯಲ್ಲೂ ಹೇಳುತ್ತೇನೆ. ಪೊಟ್ಟಣ ನೋಡುವುದನ್ನೂ ಕಲಿಸುತ್ತೇನೆ: ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ವೀಗನ್ ಅಲ್ಲ, ಹಾಲು, ಜೇನು ಇದ್ದರೂ ಆ ಚುಕ್ಕೆ ಇರುತ್ತದೆ. ವೀಗನ್ನಿಗೆ ಬೇರೆ ಗುರುತು, ಬೇರೆ ನಿಯಮ 2022ರಲ್ಲಿ ಬಂದಿದೆ.

ಇನ್ನೊಂದು ಮಾತು ಹೇಳದಿದ್ದರೆ ನನ್ನ ಅನುಭವ ಅರ್ಧವಾಗುತ್ತದೆ. ನಮ್ಮದು ಮೀನು ಹಿಡಿಯುವವರ ಮನೆ. ಮದುವೆಯಾಗಿ ಮುಂಬೈಗೆ ಬಂದ ವರ್ಷ ಎರಡು ಸೊಸೈಟಿಗಳಲ್ಲಿ ನಮಗೆ ಬಾಡಿಗೆಗೆ ಮನೆ ಸಿಗಲಿಲ್ಲ. "ಮೀನು ತಿನ್ನುವವರಿಗೆ ಕೊಡುವುದಿಲ್ಲ" ಎಂದು ಬಾಗಿಲಲ್ಲೇ ಹೇಳಿದರು. ನಾನು ವೀಗನ್ ಆದ ಮೇಲೆ ಅಂಥವರೇ ಕೆಲವರು "ಈಗ ನೀವೂ ಶುದ್ಧವಾದಿರಿ" ಎಂದು ಹೊಗಳಿದರು. ಮೈ ಉರಿಯಿತು. ನಾನು ಹಾಲು ಬಿಟ್ಟದ್ದು ಮಡಿಗಲ್ಲ, ಕರುಗಳಿಗಾಗಿ. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಬೇಡವೆಂದು ವೀಡಿಯೊ ಮಾಡಿ ಎಂದು ಕೇಳಿದವರಿಗೂ ಇಲ್ಲವೆಂದೆ. ಕೋಳಿಯ ನೋವು ನನಗೆ ಗೊತ್ತು. ಆದರೆ ಬದಲಿಗೆ ಏನನ್ನೂ ಕೊಡದೆ ಬಡ ಮಗುವಿನ ತಟ್ಟೆಯಿಂದಲೇ ಶುರು ಮಾಡುವ ಕರುಣೆ ನನ್ನದಲ್ಲ. ತಿಂದುಂಡು ಆಯ್ಕೆ ಮಾಡಿಕೊಳ್ಳಬಲ್ಲ ನನ್ನಂಥವರ ತಟ್ಟೆಯ ಬಗ್ಗೆ ಮಾತಾಡುತ್ತೇನೆ.

ಅಮ್ಮ ನನ್ನ ಜತೆಗೇ ಇದ್ದಾರೆ, ಮೀನು ಬಿಟ್ಟಿಲ್ಲ. ಮೊದಲೆಲ್ಲ ಶೂಟಿಂಗ್ ದಿನ ಅವರ ಪಾತ್ರೆಯನ್ನು ಚೌಕಟ್ಟಿನಿಂದ ಹೊರಗೆ ಸರಿಸುತ್ತಿದ್ದೆ. ಹೋದ ತಿಂಗಳು ಗುಜ್ಜೆ ಗಸಿ ಮಾಡುವಾಗ ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ, ಕಾಯಿತುರಿ, ಎಲ್ಲ ಅವರೇ ಅರೆದುಕೊಟ್ಟರು. ಅರ್ಧ ನನ್ನ ಗುಜ್ಜೆಗೆ, ಅರ್ಧ ಅವರ ಬಂಗಡೆಗೆ. ಫೋನ್ ಆನ್ ಮಾಡಿದಾಗ ಎರಡೂ ಒಲೆ ಕುದಿಯುತ್ತಿದ್ದವು.

"ನನ್ ಪಾತ್ರ ಬದಿಗ್ ಇಡ್ಕಾ?" ಎಂದರು.

"ಬ್ಯಾಡ ಅಮ್ಮ, ಅಲ್ಲೇ ಇರ್ಲಿ."